ಹಿಂದಿನ ಟೈರ್ ಫೆಂಡರ್‌ಗೆ ಉಜ್ಜುತ್ತಿದೆಯೇ? ತಗಡು ಬಡಿಯುವ ಮೊದಲು ನೋಡಬೇಕಾದ್ದು

ಹಿಂದಿನ ಸೀಟಿನಲ್ಲಿ ಮೂರು ಜನ ಕೂತಾಗ ಮಾತ್ರ ಬರುವ ಒಂದು ಸದ್ದಿದೆ. ಹಂಪ್ ದಾಟಿದ ತಕ್ಷಣ ಝರ್ರ್ ಅಂತ ಒಮ್ಮೆ ಕೇಳಿಸಿ ನಿಂತುಬಿಡುತ್ತದೆ. ಒಬ್ಬರೇ ಓಡಿಸುವಾಗ ಎಷ್ಟು ಕಿವಿಗೊಟ್ಟರೂ ಬರುವುದಿಲ್ಲ. ನನ್ನ ಕಾರಿನಲ್ಲಿ ಅದು ಶುರುವಾಗಿದ್ದು ಅಗಲದ ಅಲಾಯ್ ಚಕ್ರ ಹಾಕಿಸಿದ ಎರಡನೇ ವಾರದಲ್ಲಿ. ಡಿಕ್ಕಿಯಲ್ಲಿಟ್ಟ ಸಾಮಾನು ಜರುಗಿರಬೇಕು ಅಂದುಕೊಂಡೆ. ಮೂರನೇ ಸಲ ರಬ್ಬರ್ ಸುಟ್ಟ ವಾಸನೆಯೂ ಬಂತು. ಇಳಿದು ನೋಡಿದರೆ ಬಲಗಡೆ ಹಿಂದಿನ ಟೈರಿನ ಭುಜದ ಮೇಲೆ ಚಾಕುವಿನಲ್ಲಿ ಗೀರಿದಂತೆ ಸುತ್ತಲೂ ಒಂದು ಗೆರೆ.

ಇಂಥ ಸಮಯದಲ್ಲಿ ಸಿಗುವ ಮೊದಲ ಸಲಹೆ ಸಾಮಾನ್ಯವಾಗಿ ಒಂದೇ. ಚಕ್ರದ ಮೇಲಿನ ತಗಡಾದ ಫೆಂಡರಿನ ಅಂಚನ್ನು ಒಳಕ್ಕೆ ಬಡಿದು ಮಡಚಿ, ಇಲ್ಲಾಂದ್ರೆ ಕತ್ತರಿಸಿ. ನನಗೂ ಅದನ್ನೇ ಹೇಳಿದರು. ಸದ್ದು ನಿಲ್ಲುವುದು ನಿಜ. ಆದರೆ ಅದು ಎಲ್ಲಕ್ಕಿಂತ ಕೊನೆಗೆ ಮಾಡುವ ಕೆಲಸ. ಟೈರ್, ಚಕ್ರ, ಸ್ಪ್ರಿಂಗ್, ಬುಷ್ (ಕೀಲುಗಳಲ್ಲಿನ ರಬ್ಬರ್ ತುಂಡು) ಇವನ್ನೆಲ್ಲ ಬಿಚ್ಚಿ ಬದಲಾಯಿಸಬಹುದು, ಬೇಡವೆನಿಸಿದರೆ ಹಳೆಯದನ್ನೇ ವಾಪಸ್ ಹಾಕಬಹುದು. ಹಿಂದಿನ ಫೆಂಡರ್ ಹಾಗಲ್ಲ.

ಬಹಳಷ್ಟು ಕಾರುಗಳಲ್ಲಿ ಮುಂದಿನ ಫೆಂಡರ್ ಬೋಲ್ಟ್ ಹಾಕಿ ಕೂರಿಸಿದ ಬೇರೆ ತಗಡು. ಹಾಳಾದರೆ ಬಿಚ್ಚಿ ಹೊಸದು ಹಾಕುತ್ತಾರೆ. ಹಿಂದಿನದು ಬಾಡಿಗೇ ವೆಲ್ಡ್ ಆಗಿರುತ್ತದೆ. ಚಕ್ರದ ಮೇಲಿನ ಕಮಾನಿನ ಹತ್ತಿರ ಎರಡು ತಗಡುಗಳು ಸೇರುತ್ತವೆ. ಹೊರಗಿನದು ನಮಗೆ ಕಾಣುವ ಫೆಂಡರ್, ಒಳಗಿನದು ಚಕ್ರದ ಗೂಡು. ಎರಡರ ಅಂಚುಗಳನ್ನೂ ಕೂಡಿಸಿ, ಅಲ್ಲಲ್ಲಿ ಸ್ಪಾಟ್ ವೆಲ್ಡ್ ಹಾಕಿ, ಸಂದಿಗೆ ಸೀಲಂಟ್ ತುಂಬಿರುತ್ತಾರೆ. ಕಮಾನಿನ ಒಳಗೆ ಬೆರಳು ಹಾಕಿ ಸವರಿದರೆ ತುಟಿಯ ಹಾಗೆ ಒಂದು ಮಡಿಕೆ ಸಿಗುತ್ತದಲ್ಲ, ಅದೇ ಲಿಪ್. ಟೈರನ್ನು ಕೊಯ್ಯುವುದು ಹೆಚ್ಚಾಗಿ ಇದೇ.

ಲಿಪ್ ಕತ್ತರಿಸಿದರೆ ಸ್ಪಾಟ್ ವೆಲ್ಡ್‌ಗಳೂ ಅದರ ಜೊತೆಗೇ ಹೋಗುತ್ತವೆ. ಎರಡು ತಗಡು ಬಾಯಿ ಬಿಡುತ್ತವೆ. ಚಕ್ರ ಎರಚುವ ನೀರು, ಕೆಸರು ನೇರವಾಗಿ ಆ ಸಂದಿಗೆ ಹೋಗುತ್ತದೆ. ತುಕ್ಕು ಒಳಗಿನಿಂದ ಶುರುವಾಗುತ್ತದೆ. ಹೊರಗೆ ಬಣ್ಣದ ಮೇಲೆ ಗುಳ್ಳೆ ಏಳುವ ಹೊತ್ತಿಗೆ ಒಳಗಿನ ತಗಡು ಜರಡಿಯಾಗಿರುತ್ತದೆ. ಆಮೇಲೆ ಅದನ್ನು ಸರಿ ಮಾಡುವುದೆಂದರೆ ಬಾಡಿ ಕತ್ತರಿಸಿ ಹೊಸ ತಗಡು ಬೆಸೆಯುವ ಕೆಲಸ.

ಹಾಗಂತ ಉಜ್ಜಿದರೆ ಉಜ್ಜಲಿ ಅಂತ ಬಿಡುವುದೂ ಸರಿಯಲ್ಲ. ಟೈರ್ ನೆಲಕ್ಕೆ ತಾಗುವ ಭಾಗದ ಕೆಳಗೆ ಉಕ್ಕಿನ ತಂತಿಯ ಪಟ್ಟಿಗಳಿರುತ್ತವೆ. ಪಕ್ಕದ ಗೋಡೆಯಲ್ಲಿ ಆ ಪಟ್ಟಿಗಳಿಲ್ಲ. ಅಲ್ಲಿರುವುದು ತೆಳು ರಬ್ಬರ್, ಅದರೊಳಗೆ ನೂಲಿನ ಪದರ. ಗಾಳಿಯ ಒತ್ತಡವನ್ನೂ ಕಾರಿನ ಭಾರವನ್ನೂ ತಡೆದುಕೊಂಡು ಪ್ರತಿ ಸುತ್ತಿಗೂ ಬಾಗಿ ನೆಟ್ಟಗಾಗುವುದು ಆ ಗೋಡೆಯೇ. ಅಲ್ಲಿ ಆಳವಾಗಿ ಕೊಯ್ದರೆ ಪಂಕ್ಚರ್ ಹಾಕಿದ ಹಾಗೆ ಪ್ಯಾಚ್ ಹಾಕುವಂತಿಲ್ಲ. ಗೀರಿನೊಳಗೆ ನೂಲು ಕಂಡರೆ, ಅಥವಾ ಆ ಜಾಗ ಗಡ್ಡೆಯಂತೆ ಉಬ್ಬಿದ್ದರೆ, ಆ ಟೈರಿನ ಕೆಲಸ ಮುಗಿಯಿತು ಅಂತಲೇ ಅರ್ಥ. ಅದರ ಮೇಲೆ ಹೆದ್ದಾರಿಗೆ ಹೋಗಲೇಬೇಡಿ. ಮೇಲುಮೇಲಿನ ಹೊಳಪು ಮಾತ್ರ ಇದ್ದರೆ ಇನ್ನೂ ಸಮಯವಿದೆ.

ಎಲ್ಲಿ, ಯಾವಾಗ

ಮೊದಲ ಪ್ರಶ್ನೆ ಇದು. ಟೈರ್ ಏನನ್ನು ಮುಟ್ಟುತ್ತಿದೆ? 'ಫೆಂಡರ್‌ಗೆ ತಾಗ್ತಿದೆ' ಅಂತ ಎಲ್ಲರೂ ಒಂದೇ ಮಾತು ಹೇಳುತ್ತಾರೆ. ಆದರೆ ತಾಗುವ ಜಾಗ ಬೇರೆಯಾದರೆ ಪರಿಹಾರವೂ ಬೇರೆ.

ಟೈರಿನ ಹೊರಭುಜದಲ್ಲಿ ಚೂಪಾದ ಗೀರಿದ್ದರೆ ಅದು ಲಿಪ್. ನಡುಭಾಗ, ಅಂದರೆ ನೆಲಕ್ಕೆ ತಾಗುವ ಮೈ, ಪಾಲಿಶ್ ಮಾಡಿದಂತೆ ಹೊಳೆಯುತ್ತಿದ್ದರೆ ಅದು ಮೇಲೆ ಗೂಡಿನ ಛಾವಣಿಗೋ ಅದರ ಒಳಹೊದಿಕೆಯಾದ ಪ್ಲಾಸ್ಟಿಕ್ ಲೈನರಿಗೋ ತಾಗುತ್ತಿದೆ. ಕ್ಲಿಪ್ ಉದುರಿ ಜೋತುಬಿದ್ದ ಲೈನರ್ ಕೂಡ ಇದೇ ಸದ್ದು ಮಾಡುತ್ತದೆ. ಎರಡು ಕ್ಲಿಪ್ ಹಾಕಿದರೆ ಅಲ್ಲಿಗೆ ಕೆಲಸ ಮುಗಿಯಿತು. ಒಳಗೋಡೆಯಲ್ಲಿ ಗುರುತಿದ್ದರೆ ಟೈರ್ ಸ್ಪ್ರಿಂಗನ್ನೋ ಶಾಕ್ ಅಬ್ಸಾರ್ಬರನ್ನೋ ಗೂಡಿನ ಒಳಬದಿಯನ್ನೋ ಮುಟ್ಟುತ್ತಿದೆ. ಇದು ಹೊರಗಿನಿಂದ ಕಾಣುವುದಿಲ್ಲ. ಹಾಗಾಗಿ ಸುಮ್ನೆ ಲಿಪ್ ಮಡಚಿ, ಆಮೇಲೂ ಸದ್ದು ಹೋಗಲಿಲ್ಲ ಅಂತ ತಲೆ ಕೆರೆದುಕೊಳ್ಳುವವರು ಇದ್ದಾರೆ. ಇನ್ನೊಂದು ಜಾಗ ಬಹಳ ಜನರ ಕಣ್ಣಿಗೆ ಬೀಳುವುದೇ ಇಲ್ಲ. ಹಿಂದಿನ ಬಂಪರ್ ಫೆಂಡರನ್ನು ಸೇರುವ ಮೂಲೆ. ಅಲ್ಲಿ ಬಂಪರಿನ ಒಂದು ಪ್ಲಾಸ್ಟಿಕ್ ಕಿವಿ ಒಳಕ್ಕೆ ಚಾಚಿಕೊಂಡಿರುತ್ತದೆ, ಅದಕ್ಕೊಂದು ಸ್ಕ್ರೂ ಇರುತ್ತದೆ. ಆ ಸ್ಕ್ರೂವಿನ ತುದಿ ಟೈರನ್ನು ಲಿಪ್‌ಗಿಂತಲೂ ಚೆನ್ನಾಗಿ ಸೀಳುತ್ತದೆ.

ಜಾಗ ಹುಡುಕುವುದಕ್ಕೆ ಸೀಮೆಸುಣ್ಣ ಸಾಕು. ಟೈರಿನ ಎರಡೂ ಭುಜಗಳ ಮೇಲೆ ಅಡ್ಡಡ್ಡಲಾಗಿ ಹತ್ತು ಹನ್ನೆರಡು ದಪ್ಪ ಗೆರೆ ಎಳೆಯಿರಿ. ಲಿಪ್‌ನ ಉದ್ದಕ್ಕೂ ಒಂದು ಪದರ ಮಾಸ್ಕಿಂಗ್ ಟೇಪ್ ಅಂಟಿಸಿ. ಮಾಮೂಲಿ ಉಜ್ಜುವಷ್ಟೇ ಭಾರ ಹೇರಿಕೊಂಡು, ಮಾಮೂಲಿ ಉಜ್ಜುವ ಹಂಪನ್ನೇ ದಾಟಿ ಬನ್ನಿ. ಗೆರೆ ಎಲ್ಲಿ ಅಳಿಸಿದೆಯೋ, ಟೇಪ್ ಎಲ್ಲಿ ಹರಿದಿದೆಯೋ ಅಲ್ಲೇ ತಾಗುತ್ತಿದೆ. ಮಕ್ಕಳು ಆಡುವ ಮೇಣದಂಥ ಕ್ಲೇ ಸಿಕ್ಕರೆ ಇನ್ನೂ ಒಳ್ಳೆಯದು. ಅನುಮಾನವಿದ್ದ ಕಡೆ ಒಂದು ಉಂಡೆ ಅಂಟಿಸಿ ಓಡಿಸಿ. ಟೈರ್ ಅದನ್ನು ಒತ್ತಿ ಎಷ್ಟು ತೆಳ್ಳಗೆ ಮಾಡಿದೆಯೋ ಅಷ್ಟೇ ಅಲ್ಲಿ ಉಳಿದಿರುವ ಜಾಗ. ಕಣ್ಣಳತೆಗಿಂತ ಇದು ಎಷ್ಟೋ ನಂಬಿಕಸ್ಥ.

'ಯಾವಾಗ' ಅನ್ನುವುದಕ್ಕೂ ಅಷ್ಟೇ ಬೆಲೆ ಕೊಡಿ. ನೇರ ರಸ್ತೆಯಲ್ಲಿ ಹಂಪ್ ದಾಟಿದಾಗ ಎರಡೂ ಕಡೆ ಉಜ್ಜಿದರೆ, ಹಿಂಭಾಗ ಪೂರ್ತಿಯಾಗಿ ಜಾಸ್ತಿ ಕೆಳಗಿಳಿಯುತ್ತಿದೆ ಎಂದರ್ಥ. ಎಡಕ್ಕೆ ತಿರುಗುವಾಗ ಬಲಗಡೆ ಮಾತ್ರ ಉಜ್ಜಿದರೆ, ಬಾಡಿ ಆ ಬದಿಗೆ ವಾಲಿ ಕಮಾನು ಟೈರಿನ ಮೇಲೆ ಕೂರುತ್ತಿದೆ. ಯಾವ ಕಡೆ ತಿರುಗಿದರೂ, ಯಾವ ಹಂಪ್ ದಾಟಿದರೂ ಒಂದೇ ಬದಿ ಉಜ್ಜಿದರೆ ಅಲ್ಲಿ ಏನೋ ಓರೆಯಾಗಿದೆ. ಒಂದು ಸ್ಪ್ರಿಂಗ್ ಕುಸಿದಿರಬಹುದು, ಆಕ್ಸಲ್ ಪಕ್ಕಕ್ಕೆ ಜರುಗಿರಬಹುದು, ಇಲ್ಲವೇ ಹಿಂದೆ ಯಾವತ್ತೋ ಗುದ್ದಿಸಿಕೊಂಡ ಕಾರಿನ ಫೆಂಡರನ್ನು ಟಿಂಕರಿಂಗ್ ಮಾಡುವಾಗ ಕಮಾನು ಒಳಕ್ಕೆ ಉಳಿದುಹೋಗಿರಬಹುದು.

ಇದನ್ನು ಅಳೆದು ನೋಡುವುದು ಸುಲಭ. ಸಮತಟ್ಟಾದ ನೆಲದಲ್ಲಿ ಕಾರು ನಿಲ್ಲಿಸಿ. ಚಕ್ರದ ನಡುಮಧ್ಯದಿಂದ ನೇರ ಮೇಲಕ್ಕೆ ಕಮಾನಿನ ಅಂಚಿನವರೆಗೆ ಟೇಪ್ ಹಿಡಿದು ಎರಡೂ ಬದಿ ಬರೆದುಕೊಳ್ಳಿ. ಆಮೇಲೆ ಕಮಾನಿನ ಮೇಲಿಂದ ದಾರಕ್ಕೆ ಒಂದು ನಟ್ ಕಟ್ಟಿ ತೂಗುಬಿಡಿ. ದಾರಕ್ಕೂ ರಿಮ್ಮಿಗೂ ಮಧ್ಯ ಎಷ್ಟು ಜಾಗವಿದೆ ಅಂತ ಎರಡೂ ಕಡೆ ನೋಡಿ. ಎತ್ತರದಲ್ಲಿ ವ್ಯತ್ಯಾಸವಿದ್ದರೆ ಸ್ಪ್ರಿಂಗ್ ಕಡೆ ಗಮನ ಕೊಡಿ. ಪಕ್ಕದ ಅಳತೆಯಲ್ಲಿ ಒಂದು ಕಡೆ ಕಡಿಮೆ, ಇನ್ನೊಂದು ಕಡೆ ಅಷ್ಟೇ ಜಾಸ್ತಿ ಇದ್ದರೆ ಆಕ್ಸಲ್ ಜರುಗಿದೆ. ಈ ನಾಲ್ಕು ಅಂಕಿ ಕೈಯಲ್ಲಿದ್ದರೆ ಮೆಕ್ಯಾನಿಕ್ ಜೊತೆಗಿನ ಮಾತುಕತೆಯೇ ಬೇರೆ ಆಗುತ್ತದೆ.

ಚಕ್ರದ ಲೆಕ್ಕ

ಕಾರು ಬಂದಂತೆಯೇ ಇದ್ದು, ಚಕ್ರ ಟೈರ್ ಬದಲಾಯಿಸಿಲ್ಲ ಅಂದರೆ ಈ ಭಾಗ ಬಿಟ್ಟು ಮುಂದೆ ಓದಬಹುದು. ಬದಲಾಯಿಸಿದ್ದರೆ ಹತ್ತಕ್ಕೆ ಒಂಬತ್ತು ಸಲ ಉತ್ತರ ಇಲ್ಲೇ ಇದೆ ಅನ್ನುವುದು ನನ್ನ ಅಭಿಪ್ರಾಯ.

ಟೈರಿನ ಮೇಲೆ 205/55 ಆರ್ 16 ಅಂತ ಬರೆದಿದೆ ಅಂದುಕೊಳ್ಳಿ. 205 ಅಂದರೆ ಟೈರಿನ ಅಗಲ, ಮಿಲಿಮೀಟರಿನಲ್ಲಿ. 55 ಅಂದರೆ ಪಕ್ಕದ ಗೋಡೆಯ ಎತ್ತರ, ಅಗಲದ ಶೇಕಡಾ 55. ಅಂದರೆ ಸುಮಾರು 113 ಮಿ.ಮೀ. 16 ಅಂದರೆ ರಿಮ್ಮಿನ ವ್ಯಾಸ, ಇಂಚಿನಲ್ಲಿ. ಮೇಲೊಂದು ಕೆಳಗೊಂದು ಗೋಡೆ, ನಡುವೆ ರಿಮ್. ಕೂಡಿಸಿದರೆ ಪೂರ್ತಿ ಟೈರಿನ ಎತ್ತರ ಸುಮಾರು 632 ಮಿ.ಮೀ. ಬರುತ್ತದೆ. ಇದರ ಬದಲು 225/45 ಆರ್ 17 ಹಾಕಿದರೆ 634. ಎತ್ತರ ಹೆಚ್ಚುಕಡಿಮೆ ಅಷ್ಟೇ. ಆದರೆ 225/50 ಆರ್ 17 ಹಾಕಿದರೆ 657. ನಡುವಿನ ಒಂದು ಅಂಕಿ ತಪ್ಪಿದ್ದಕ್ಕೆ ಟೈರಿನ ನೆತ್ತಿ ಮೊದಲಿನ 205 ಟೈರಿಗಿಂತ ಕಮಾನಿಗೆ 12 ಮಿ.ಮೀ.ಗಿಂತ ಹೆಚ್ಚು ಹತ್ತಿರ ಬಂತು. ಸ್ಪೀಡೋಮೀಟರ್ ಕೂಡ ಸುಮಾರು ಶೇಕಡಾ 4ರಷ್ಟು ಕಡಿಮೆ ತೋರಿಸಲು ಶುರು ಮಾಡುತ್ತದೆ.

ಎತ್ತರಕ್ಕಿಂತ ಜಾಸ್ತಿ ಜನ ಎಡವುವುದು ಆಫ್‌ಸೆಟ್‌ನಲ್ಲಿ. ರಿಮ್ಮನ್ನು ಅಗಲದಲ್ಲಿ ಸರಿಯಾಗಿ ಎರಡು ಭಾಗ ಮಾಡುವ ನಡುಗೆರೆ ಒಂದನ್ನು ಊಹಿಸಿಕೊಳ್ಳಿ. ಚಕ್ರ ಹಬ್ಬಿಗೆ, ಅಂದರೆ ಚಕ್ರವನ್ನು ಬೋಲ್ಟ್ ಮಾಡುವ ಭಾಗಕ್ಕೆ, ಒರಗಿ ಕೂರುವ ಮೈ ಆ ನಡುಗೆರೆಯಿಂದ ಎಷ್ಟು ದೂರವಿದೆಯೋ ಅದೇ ಆಫ್‌ಸೆಟ್. ಚಕ್ರದ ಹಿಂಬದಿಯಲ್ಲೋ ಕಡ್ಡಿಯ ಮೇಲೋ ಇಟಿ 45, ಇಟಿ 35 ಅಂತ ಅಚ್ಚು ಹಾಕಿರುತ್ತಾರೆ. ಇಟಿ ಅನ್ನುವುದು ಜರ್ಮನ್ ಪದದ ಮೊದಲಕ್ಷರಗಳು. ಅಂಕಿ ದೊಡ್ಡದಾದಷ್ಟೂ ಚಕ್ರ ಒಳಕ್ಕೆ ಹೋಗುತ್ತದೆ. ಚಿಕ್ಕದಾದಷ್ಟೂ ಹೊರಕ್ಕೆ ಬರುತ್ತದೆ. 45 ಇದ್ದದ್ದು 35 ಆದರೆ ಟೈರ್ ಸರಿಯಾಗಿ 10 ಮಿ.ಮೀ. ಹೊರಗೆ ಬಂತು.

ಲೆಕ್ಕ ಹೀಗೆ. ಟೈರಿನ ಅರ್ಧ ಅಗಲದಿಂದ ಆಫ್‌ಸೆಟ್ ಕಳೆದರೆ ಹಬ್ಬಿನ ಮೈಯಿಂದ ಟೈರ್ ಎಷ್ಟು ಹೊರಕ್ಕೆ ಚಾಚಿದೆ ಅಂತ ಸಿಗುತ್ತದೆ. ಅರ್ಧ ಅಗಲಕ್ಕೆ ಆಫ್‌ಸೆಟ್ ಕೂಡಿಸಿದರೆ ಒಳಕ್ಕೆ ಎಷ್ಟು ಚಾಚಿದೆ ಅಂತ ಸಿಗುತ್ತದೆ. ಮೊದಲಿದ್ದದ್ದು 205 ಟೈರ್, ಆರೂವರೆ ಇಂಚು ಅಗಲದ ರಿಮ್, ಇಟಿ 45 ಅಂತಿಟ್ಟುಕೊಳ್ಳಿ. ಹೊರಕ್ಕೆ 57.5, ಒಳಕ್ಕೆ 147.5. ಈಗ ಎಂಟು ಇಂಚು ಅಗಲದ ರಿಮ್ಮಿಗೆ 225 ಟೈರ್ ಹಾಕಿ, ಇಟಿ 35 ತೆಗೆದುಕೊಂಡಿರಿ. ಟೈರಿನ ಅಗಲ ರಿಮ್ಮಿನ ಜೊತೆ ಬದಲಾಗುತ್ತದೆ. ಅಳತೆಗೆಂದು ಗೊತ್ತುಮಾಡಿದ ರಿಮ್ಮಿಗಿಂತ ಅರ್ಧ ಇಂಚು ಅಗಲದ್ದು ಹಾಕಿದರೆ ಟೈರ್ ಸುಮಾರು 5 ಮಿ.ಮೀ. ಹಿಗ್ಗುತ್ತದೆ. ಹಾಗಾಗಿ ಅದನ್ನು 230 ಅಂತ ಹಿಡಿಯಬೇಕು. ಹೊರಕ್ಕೆ 80, ಒಳಕ್ಕೆ 150. ಒಳಗೆ ಬರೀ ಎರಡೂವರೆ ಮಿ.ಮೀ. ಬಳಕೆಯಾಗಿದೆ, ಹೊರಗೆ ಇಪ್ಪತ್ತೆರಡೂವರೆ. ಬಂದ ಅಗಲವನ್ನೆಲ್ಲ ಫೆಂಡರಿನ ಕಡೆಗೇ ತಳ್ಳಿದ ಹಾಗಾಯಿತು. ಅದೇ ರಿಮ್ ಇಟಿ 45ರಲ್ಲಿ ತಂದಿದ್ದರೆ ಎರಡೂ ಕಡೆ ಹನ್ನೆರಡೂವರೆಯಂತೆ ಹಂಚಿಹೋಗುತ್ತಿತ್ತು. ನನ್ನ ಕಾರಿನಲ್ಲಿ ಆದದ್ದೂ ಇಂಥದ್ದೇ ತಪ್ಪು. ಚಕ್ರ ಆರಿಸುವಾಗ ನಾನು ನೋಡಿದ್ದು ವ್ಯಾಸ ಮತ್ತು ಬೋಲ್ಟ್ ತೂತುಗಳನ್ನು ಮಾತ್ರ.

ಆದರೆ ಒಳಕ್ಕೆ ತಳ್ಳುವ ಮೊದಲು ಒಳಗೆ ಜಾಗವಿದೆಯೇ ಅಂತ ಅಳೆಯಲೇಬೇಕು. ಟೈರಿನ ಒಳಗೋಡೆಗೂ ಶಾಕ್ ಅಬ್ಸಾರ್ಬರಿಗೂ ನಡುವೆ ಬೆರಳು ಹೋಗುವಷ್ಟು ಜಾಗವೂ ಇಲ್ಲದಿದ್ದರೆ ಹೊರಗಿನ ತೊಂದರೆ ಒಳಗೆ ಹೋಗುತ್ತದೆ ಅಷ್ಟೇ. ಒಳಗೆ ತಾಗುವುದು ಇನ್ನೂ ಅಪಾಯ. ಅದು ಕಣ್ಣಿಗೆ ಕಾಣುವುದಿಲ್ಲ ಅಲ್ವಾ?

ಹಬ್ಬಿಗೂ ಚಕ್ರಕ್ಕೂ ನಡುವೆ ಹಾಕುವ ಸ್ಪೇಸರ್ ಬಗ್ಗೆ ಒಂದು ಮಾತು. ಅದು ಚಕ್ರವನ್ನು ಹೊರಕ್ಕೆ ಮಾತ್ರ ತಳ್ಳಬಲ್ಲದು. ಒಳಗೆ ತಾಗುತ್ತಿದ್ದರೆ ಅದರಿಂದ ಉಪಯೋಗವಿದೆ, ಹೊರಗೆ ತಾಗುತ್ತಿದ್ದರೆ ಅದೇ ಕಾರಣ ಇರಬಹುದು. ಹಾಕುವುದಾದರೆ ಹಬ್ಬಿನ ನಡುವಿನ ಉಂಗುರಕ್ಕೆ ಸರಿಯಾಗಿ ಕೂರುವಂಥದ್ದೇ ಬೇಕು. ಸ್ಪೇಸರ್ ದಪ್ಪವಾದಷ್ಟು ನಟ್‌ಗೆ ಸಿಗುವ ಮರೆ (ಬೋಲ್ಟಿನ ಥ್ರೆಡ್) ಕಡಿಮೆಯಾಗುತ್ತದೆ. ಬೋಲ್ಟ್ ಎಷ್ಟು ದಪ್ಪವೋ ಕನಿಷ್ಠ ಅಷ್ಟು ಉದ್ದ ಮರೆ ಕಚ್ಚಿರಬೇಕು ಅನ್ನುವುದು ಒಂದು ಲೆಕ್ಕ. 12 ಮಿ.ಮೀ. ಬೋಲ್ಟ್, ಒಂದೂವರೆ ಮಿ.ಮೀ. ಅಂತರದ ಮರೆ ಅಂದರೆ ಎಂಟು ಸುತ್ತು. ಕೈಯಲ್ಲೇ ತಿರುಗಿಸಿ ಎಣಿಸಬಹುದು. ಅಷ್ಟು ಬರದಿದ್ದರೆ ಉದ್ದದ ಬೋಲ್ಟ್ ಬೇಕೇ ಬೇಕು.

ಒಂದೇ ಅಳತೆಯ ಟೈರ್ ಬೇರೆ ಬೇರೆ ಕಂಪನಿಗಳಲ್ಲಿ ಕೆಲವು ಮಿ.ಮೀ. ಹೆಚ್ಚುಕಡಿಮೆ ಇರುತ್ತದೆ. ಕೆಲವದರ ಭುಜ ದುಂಡಗೆ, ಕೆಲವದರದು ಚೌಕಾಕಾರ. ಬರೀ ಕೂದಲೆಳೆಯಷ್ಟು ತಾಗುತ್ತಿದ್ದರೆ ಮುಂದಿನ ಸಲ ಟೈರ್ ಬದಲಾಯಿಸುವಾಗ ದುಂಡು ಭುಜದ್ದು, ಅಥವಾ ಒಂದು ಅಳತೆ ಕಿರಿದಾದದ್ದು ಹಾಕಿದರೇ ಸಾಕಾಗಬಹುದು. ಕಿರಿದು ಮಾಡುವಾಗ ಲೋಡ್ ಇಂಡೆಕ್ಸ್ ಕಡಿಮೆಯಾಗದಂತೆ ನೋಡಿಕೊಳ್ಳಿ. 91 ಅಂದರೆ ಒಂದು ಟೈರ್ 615 ಕಿಲೋ ಹೊರಬಲ್ಲದು ಎಂದರ್ಥ, 94 ಅಂದರೆ 670 ಕಿಲೋ. ಮೊದಲು 91 ಇದ್ದರೆ ಅದಕ್ಕಿಂತ ಕೆಳಗೆ ಇಳಿಯಬೇಡಿ. ಅಗಲದ ರಿಮ್ಮಿಗೆ ಕಿರಿದಾದ ಟೈರನ್ನು ಎಳೆದು ಕೂರಿಸುವ ಚಾಳಿಯೊಂದಿದೆ. ದಯವಿಟ್ಟು ಅದನ್ನು ಮಾಡಬೇಡಿ. ರಿಮ್ಮಿನ ಮೇಲೆ ಟೈರ್ ಗಟ್ಟಿಯಾಗಿ ಕೂರುವುದೇ ಅಲ್ಲಿ ಅನುಮಾನ.

ಸ್ಪ್ರಿಂಗ್, ಶಾಕ್, ಬುಷ್

ಏನೂ ಬದಲಾಯಿಸದ ಕಾರು ಒಂದು ದಿನ ಉಜ್ಜಲು ಶುರು ಮಾಡಿದರೆ ತಪ್ಪು ಅಳತೆಯದ್ದಲ್ಲ, ಸವೆತದ್ದು. ಮೊದಲು ಗಾಳಿ ನೋಡಿ. ಡ್ರೈವರ್ ಬಾಗಿಲಿನ ಹತ್ತಿರವೋ ಪೆಟ್ರೋಲ್ ಮುಚ್ಚಳದ ಒಳಗೋ ಅಂಟಿಸಿದ ಚೀಟಿಯಲ್ಲಿ ಖಾಲಿ ಕಾರಿಗೊಂದು, ಪೂರ್ತಿ ಭಾರಕ್ಕೊಂದು ಒತ್ತಡ ಬರೆದಿರುತ್ತಾರೆ. ಹಿಂದಿನ ಚಕ್ರಗಳಿಗೆ ಈ ವ್ಯತ್ಯಾಸ ದೊಡ್ಡದು. ಗಾಳಿ ಕಮ್ಮಿಯಾದರೆ ಟೈರಿನ ಗೋಡೆ ಸಡಿಲವಾಗುತ್ತದೆ, ತಿರುವಿನಲ್ಲಿ ಪಕ್ಕಕ್ಕೆ ಜಾಸ್ತಿ ವಾಲುತ್ತದೆ.

ಕಾರಿನ ಭಾರ ಹೊರುವುದು ಸ್ಪ್ರಿಂಗ್. ಶಾಕ್ ಅಬ್ಸಾರ್ಬರ್ ಹೊರುವುದಿಲ್ಲ, ಕುಣಿತವನ್ನು ತಡೆಯುತ್ತದೆ. ಇದನ್ನು ಅದಲುಬದಲು ಮಾಡಿಕೊಂಡು, ಹಿಂಭಾಗ ಕೆಳಗೆ ಕೂತಿದೆ ಅಂತ ಶಾಕ್ ಬದಲಾಯಿಸಿ, ಎತ್ತರ ಅಷ್ಟೇ ಇದೆಯಲ್ಲ ಅಂತ ಬೇಸರಪಡುವವರು ಬಹಳ. ನಿಂತಾಗಲೇ ಹಿಂಭಾಗ ಕುಗ್ಗಿದ್ದರೆ ಸ್ಪ್ರಿಂಗ್ ನೋಡಿ. ಕಾಯಿಲ್ ಸ್ಪ್ರಿಂಗ್ ಕೆಳಗಿನ ಸುತ್ತಿನಲ್ಲಿ ತುಕ್ಕು ಹಿಡಿದು ಮುರಿಯುವುದುಂಟು. ಮುರಿದ ತುಂಡು ಬಟ್ಟಲಿನಲ್ಲೇ ಕೂತಿರುತ್ತದೆ, ಮೇಲಿನಿಂದ ನೋಡಿದರೆ ಗೊತ್ತೇ ಆಗುವುದಿಲ್ಲ. ನಿಂತಾಗ ಎತ್ತರ ಸರಿಯಿದ್ದು, ಹಂಪ್ ಆದಮೇಲೆ ಎರಡನೇ ಕುಣಿತಕ್ಕೆ ಉಜ್ಜಿದರೆ ಶಾಕ್ ಸೋತಿದೆ. ಯಾವುದನ್ನು ಬದಲಾಯಿಸಿದರೂ ಎರಡೂ ಬದಿ ಒಟ್ಟಿಗೇ ಮಾಡಿಸಿ.

ನನಗೆ ಬಹಳ ಮುಖ್ಯ ಅನಿಸುವ, ಆದರೆ ಯಾರೂ ಕೇಳದ ಭಾಗ ಬಂಪ್ ಸ್ಟಾಪ್. ಶಾಕ್‌ನ ಸರಳಿನ ಮೇಲೋ ಸ್ಪ್ರಿಂಗಿನ ನಡುವೆಯೋ ಇರುವ ರಬ್ಬರ್ ಅಥವಾ ಫೋಮ್ ತುಂಡು ಅದು. ಚಕ್ರ ಮೇಲಕ್ಕೆ ಹೋಗುವ ಕೊನೆಯಲ್ಲಿ ಮೆತ್ತಗೆ ತಡೆಯುವುದೇ ಅದರ ಕೆಲಸ. ಫೋಮ್ ವರ್ಷಗಳು ಕಳೆದಂತೆ ಪುಡಿಯಾಗಿ ಉದುರಿಹೋಗುತ್ತದೆ. ಕೆಲವರು ಶಾಕ್ ಬದಲಾಯಿಸುವಾಗ ಹೊಸದನ್ನು ಹಾಕುವುದೇ ಇಲ್ಲ. ಆಮೇಲೆ ಚಕ್ರ, ಕಾರು ಮಾಡಿದವರು ಲೆಕ್ಕ ಹಾಕಿದ್ದಕ್ಕಿಂತ ಮೇಲೆ ಹೋಗಿ ಗೂಡಿಗೆ ಬಡಿಯುತ್ತದೆ. ಧೂಳುಮುಚ್ಚಿಗೆಯನ್ನು ಮೇಲಕ್ಕೆ ಸರಿಸಿ ಒಮ್ಮೆ ನೋಡಿ. ಇಲ್ಲದಿದ್ದರೆ ಹಾಕಿಸಿ. ಇದ್ದದ್ದಕ್ಕಿಂತ ಉದ್ದದ್ದು ಹಾಕಿ ಚಕ್ರದ ಓಡಾಟವನ್ನೇ ಕಡಿಮೆ ಮಾಡುವ ದಾರಿಯೂ ಇದೆ. ಸ್ವಲ್ಪವಾದರೆ ಸರಿ. ಜಾಸ್ತಿಯಾದರೆ ತಿರುವಿನ ನಡುವೆ ಹಿಂದಿನ ಚಕ್ರ ತಟ್ಟನೆ ಗಟ್ಟಿಯಾಗಿ ಕಾರು ಜಾರುವ ಸಾಧ್ಯತೆಯಿದೆ.

ಕಾಯಿಲ್ ಸ್ಪ್ರಿಂಗಿನ ಸುತ್ತುಗಳ ನಡುವೆ ರಬ್ಬರ್ ತುಂಡು ಸಿಕ್ಕಿಸಿ ಎತ್ತರಿಸುವುದು ಎಲ್ಲ ಕಡೆ ಕಾಣುವ ಉಪಾಯ. ನನಗದು ಒಪ್ಪಿಗೆಯಿಲ್ಲ. ರಬ್ಬರ್ ಕೂತ ಕಡೆ ಸ್ಪ್ರಿಂಗ್ ಕೆಲಸ ಮಾಡುವುದಿಲ್ಲ, ಉಳಿದ ಸುತ್ತುಗಳ ಮೇಲೆ ಹೊರೆ ಜಾಸ್ತಿಯಾಗುತ್ತದೆ. ಕಾರಿಗೆ ತಕ್ಕ ಹೊಸ ಸ್ಪ್ರಿಂಗ್ ಹಾಕುವುದೇ ಮೇಲು.

ಇನ್ನು ಆಕ್ಸಲ್ ಪಕ್ಕಕ್ಕೆ ಜರುಗುವ ವಿಷಯ. ಹಿಂದಿನ ಎರಡು ಚಕ್ರಗಳನ್ನು ಒಂದೇ ತೊಲೆ ಜೋಡಿಸಿರುವ ಟಾರ್ಷನ್ ಬೀಮ್ ಕಾರುಗಳಲ್ಲಿ ಆ ತೊಲೆ ಎರಡು ದೊಡ್ಡ ಬುಷ್‌ಗಳ ಮೇಲೆ ಕೂತಿರುತ್ತದೆ. ಬುಷ್ ಹರಿದರೆ ತಿರುವಿನಲ್ಲಿ ಇಡೀ ತೊಲೆ ಪಕ್ಕಕ್ಕೆ ಸರಿಯುತ್ತದೆ. ಗಟ್ಟಿ ಆಕ್ಸಲ್ ಇರುವ ಕೆಲವು ಗಾಡಿಗಳಲ್ಲಿ ಅದು ಪಕ್ಕಕ್ಕೆ ಹೋಗದಂತೆ ಪ್ಯಾನ್‌ಹಾರ್ಡ್ ರಾಡ್ ಎಂಬ ಅಡ್ಡ ಸರಳಿರುತ್ತದೆ. ಒಂದು ತುದಿ ಬಾಡಿಗೆ, ಇನ್ನೊಂದು ಆಕ್ಸಲ್‌ಗೆ. ಆಕ್ಸಲ್ ಮೇಲೆ ಕೆಳಗೆ ಹೋದಾಗ ಸರಳಿನ ತುದಿ ನೇರವಾಗಿ ಹೋಗುವುದಿಲ್ಲ, ಕಮಾನಿನಂತೆ ಬಾಗಿ ಹೋಗುತ್ತದೆ. ಹಾಗಾಗಿ ಗಾಡಿಯನ್ನು ತಗ್ಗಿಸಿದರೂ ಎತ್ತರಿಸಿದರೂ ಆಕ್ಸಲ್ ಒಂದು ಬದಿಗೆ ಕೆಲವು ಮಿ.ಮೀ. ಸರಿದು ನಿಲ್ಲುತ್ತದೆ. ಒಂದೇ ಬದಿ ಉಜ್ಜಲು ಇದೊಂದೇ ಸಾಕು. ಉದ್ದ ಹೊಂದಿಸಬಹುದಾದ ರಾಡ್ ಹಾಕಿ ಆಕ್ಸಲನ್ನು ನಡುವಿಗೆ ತಂದರೆ ಫೆಂಡರ್ ಮುಟ್ಟದೆಯೇ ಕೆಲಸ ಮುಗಿಯುತ್ತದೆ.

ಹಿಂದೆ ಎರಡು ಚಕ್ರಗಳಿಗೂ ಬೇರೆ ಬೇರೆ ಲಿಂಕ್‌ಗಳಿರುವ ಕಾರುಗಳಲ್ಲಿ ಕ್ಯಾಂಬರ್ ಹೊಂದಿಸಲು ಬರಬಹುದು. ಟೈರಿನ ನೆತ್ತಿಯನ್ನು ಒಳಕ್ಕೆ ವಾಲಿಸುವುದು. 632 ಮಿ.ಮೀ. ಎತ್ತರದ ಟೈರಿನಲ್ಲಿ ಚಕ್ರದ ನಡುವಿನಿಂದ ಲೆಕ್ಕ ಹಾಕಿದರೆ, ಒಂದು ಡಿಗ್ರಿ ವಾಲಿಸಿದಾಗ ನೆತ್ತಿ ಸುಮಾರು ಐದೂವರೆ ಮಿ.ಮೀ. ಒಳಗೆ ಹೋಗುತ್ತದೆ. ಎಷ್ಟೋ ಸಲ ಬೇಕಿರುವುದೇ ಅಷ್ಟು. ಆದರೆ ಕಾರಿನ ಪುಸ್ತಕದಲ್ಲಿ ಕೊಟ್ಟ ಮಿತಿಯೊಳಗೇ ಇರಲಿ. ಮಿತಿ ಮೀರಿದರೆ ಟೈರಿನ ಒಳಅಂಚು ಬೇಗ ಸವೆಯುತ್ತದೆ. ಕ್ಯಾಂಬರ್ ಮುಟ್ಟಿದ ಮೇಲೆ ಟೋ, ಅಂದರೆ ಮೇಲಿನಿಂದ ನೋಡಿದಾಗ ಚಕ್ರ ಒಳಕ್ಕೋ ಹೊರಕ್ಕೋ ತಿರುಗಿರುವ ಕೋನ, ಕೂಡ ನೋಡಿಸಬೇಕು, ಒಂದನ್ನು ಅಲುಗಿಸಿದರೆ ಇನ್ನೊಂದೂ ಅಲುಗುತ್ತದೆ. ಟಾರ್ಷನ್ ಬೀಮಿನಲ್ಲಿ ಈ ಹೊಂದಿಕೆ ಸಾಮಾನ್ಯವಾಗಿ ಇರುವುದಿಲ್ಲ. ಹಬ್ಬಿಗೂ ತೊಲೆಗೂ ನಡುವೆ ಓರೆಯಾದ ತೆಳು ಬಿಲ್ಲೆ (ಶಿಮ್) ಹಾಕಬೇಕಾಗುತ್ತದೆ.

ಕೊನೆಗೆ ಲಿಪ್

ಇಷ್ಟೆಲ್ಲ ನೋಡಿದ ಮೇಲೂ ನಾಲ್ಕೈದು ಮಿ.ಮೀ. ಜಾಗ ಸಾಲದು ಅನಿಸಿದರೆ, ಆಗ ಲಿಪ್ ಕಡೆ ಬನ್ನಿ. ಕತ್ತರಿಸುವುದಲ್ಲ, ಮಡಚುವುದು. ಫೆಂಡರ್ ರೋಲಿಂಗ್ ಅನ್ನುತ್ತಾರೆ. ಚಕ್ರ ಬಿಚ್ಚಿ ಆ ಜಾಗದಲ್ಲಿ ಹಬ್ಬಿಗೆ ಒಂದು ಸಾಧನ ಬೋಲ್ಟ್ ಮಾಡುತ್ತಾರೆ. ಉದ್ದ ಹೆಚ್ಚುಕಡಿಮೆ ಮಾಡಬಹುದಾದ ತೋಳು, ತುದಿಯಲ್ಲಿ ಗಟ್ಟಿ ಪ್ಲಾಸ್ಟಿಕ್ ಉರುಳೆ. ಆ ಉರುಳೆ ಲಿಪ್‌ನ ಮೇಲೆ ಕಮಾನಿನ ಉದ್ದಕ್ಕೂ ಆಚೆ ಈಚೆ ಓಡಿ, ಅಡ್ಡಕ್ಕೆ ಚಾಚಿದ ಮಡಿಕೆಯನ್ನು ನಿಧಾನವಾಗಿ ಮೇಲಕ್ಕೆ ಒತ್ತಿ ಮಡಚುತ್ತದೆ. ದೊಣ್ಣೆಯನ್ನು ಟೈರ್ ಮತ್ತು ಲಿಪ್ ನಡುವೆ ಸಿಕ್ಕಿಸಿ ಕಾರನ್ನು ಹಿಂದೆ ಮುಂದೆ ತಳ್ಳುವ ಹಳೆಯ ವಿಧಾನವೂ ಇದೆ. ಅದರಲ್ಲಿ ಒತ್ತಡ ಎಲ್ಲಿ ಎಷ್ಟು ಬೀಳುತ್ತದೆ ಅನ್ನುವುದು ಕೈಯಲ್ಲಿರುವುದಿಲ್ಲ. ಕಮಾನು ಅಲೆಅಲೆಯಾಗುತ್ತದೆ.

ಶುರು ಮಾಡುವ ಮುಂಚೆ ಫೆಂಡರಿನ ಮೇಲೆ ತೆಳು ಬಟ್ಟೆ ಸುತ್ತಿದ ಆಯಸ್ಕಾಂತ ಓಡಿಸಿ. ಎಲ್ಲಿ ಅಂಟುವುದಿಲ್ಲವೋ ಅಲ್ಲಿ ದಪ್ಪಗೆ ಪುಟ್ಟಿ, ಅಂದರೆ ತಗ್ಗು ಮುಚ್ಚುವ ಲೇಪ, ತುಂಬಿದ್ದಾರೆ. ಪುಟ್ಟಿ ಬಾಗುವುದಿಲ್ಲ, ಬಿರುಕು ಬಿಡುತ್ತದೆ. ಅಲ್ಲಿ ರೋಲಿಂಗ್ ಮಾಡಿಸಬೇಡಿ. ಫೆಂಡರ್ ಉಕ್ಕಿನದಲ್ಲದೆ ಅಲ್ಯೂಮಿನಿಯಮ್ಮಿನದಾಗಿದ್ದರೆ ಆಯಸ್ಕಾಂತ ಎಲ್ಲೂ ಅಂಟುವುದಿಲ್ಲ, ಅದು ನೆನಪಿರಲಿ.

ಬಣ್ಣ ತಣ್ಣಗಿರುವಾಗ ಬಾಗಿಸಿದರೆ ಒಡೆಯುತ್ತದೆ. ಅದಕ್ಕೇ ಹೀಟ್ ಗನ್ನಿನಿಂದ ಕಾಯಿಸಿಕೊಂಡು ಕೆಲಸ ಮಾಡುತ್ತಾರೆ. 50ರಿಂದ 60 ಡಿಗ್ರಿ ಸೆಲ್ಸಿಯಸ್ ಸಾಕು. ಕೈಯಿಟ್ಟರೆ ಜಾಸ್ತಿ ಹೊತ್ತು ತಡೆಯಲಾಗದಷ್ಟು ಬಿಸಿ. ಇಲ್ಲಿ ಒಂದು ಎಚ್ಚರಿಕೆ ಬಹಳ ಮುಖ್ಯ. ಪೆಟ್ರೋಲ್ ತುಂಬುವ ಕೊಳವೆ ಅನೇಕ ಕಾರುಗಳಲ್ಲಿ ಹಿಂದಿನ ಒಂದು ಚಕ್ರದ ಗೂಡಿನಲ್ಲೇ, ಲೈನರಿನ ಹಿಂದೆ ಇಳಿದು ಹೋಗುತ್ತದೆ. ಎಬಿಎಸ್ ಸೆನ್ಸರಿನ ತಂತಿ, ಬ್ರೇಕ್ ಹೋಸ್ ಕೂಡ ಅಲ್ಲೇ ಇರುತ್ತವೆ. ಹೀಟ್ ಗನ್ನನ್ನು ಅವುಗಳ ಕಡೆ ತಿರುಗಿಸಬಾರದು. ಲೈನರ್ ಬಿಚ್ಚಿ ಏನೇನಿದೆ ಅಂತ ಕಣ್ಣಾರೆ ನೋಡದೆ ಬೆಂಕಿಬಿಸಿ ಮುಟ್ಟಿಸಬೇಡಿ. ಕಾರು ಜಾಕಿನ ಮೇಲಷ್ಟೇ ಅಲ್ಲ, ಗಟ್ಟಿ ಸ್ಟ್ಯಾಂಡಿನ ಮೇಲೂ ಕೂತಿರಬೇಕು. ಉರುಳೆ ಒತ್ತುವ ಬಲಕ್ಕೆ ಬಾಡಿ ಅಲುಗಾಡುತ್ತದೆ.

ಆತುರ ಬೇಡ. ಒಂದೇ ಸಲಕ್ಕೆ ಪೂರ್ತಿ ಮಡಚಲು ಹೋದರೆ ಕಮಾನು ಹೊರಕ್ಕೆ ಉಬ್ಬುತ್ತದೆ. ಸ್ವಲ್ಪ ಕಾಯಿಸಿ, ಸ್ವಲ್ಪ ಒತ್ತಿ, ಮತ್ತೆ ಕಾಯಿಸಿ. ಹತ್ತಾರು ಸಲ ಓಡಿಸಬೇಕಾಗಬಹುದು. ಟೈರ್ ತಾಗುವ ಭಾಗವನ್ನಷ್ಟೇ ಮಡಚಿದರೂ ಸಾಕು, ಪೂರ್ತಿ ಕಮಾನು ಬೇಕಿಲ್ಲ. ಬಂಪರಿನ ಕಿವಿ ತಾಗುತ್ತಿದ್ದರೆ ಅದನ್ನು ಒಂದಿಷ್ಟು ಸವರಿ, ಸ್ಕ್ರೂ ಚಿಕ್ಕದು ಹಾಕಿ. ಅದು ಪ್ಲಾಸ್ಟಿಕ್, ತುಕ್ಕಿನ ಭಯವಿಲ್ಲ.

ಮಡಚಿದಾಗ ಸಂದಿಯ ಸೀಲಂಟ್ ಒಡೆದೇ ಒಡೆಯುತ್ತದೆ ಅಂತ ಇಟ್ಟುಕೊಳ್ಳಿ. ರೋಲಿಂಗ್ ಮಾಡುವವರು ಹೆಚ್ಚಾಗಿ ಇಲ್ಲಿಗೆ ಕೆಲಸ ಮುಗಿಸಿ ಕೈ ತೊಳೆದುಕೊಳ್ಳುತ್ತಾರೆ. ಬಿಡಬೇಡಿ. ಸಂದಿಯ ಮಣ್ಣು ತೆಗೆದು, ಒಣಗಿಸಿ, ಬಣ್ಣ ಹೋದ ಕಡೆ ಪ್ರೈಮರ್ ಹೊಡೆದು, ಹೊಸ ಸೀಲಂಟ್ ತುಂಬಿ, ಮೇಲೆ ಬಣ್ಣ ಮುಟ್ಟಿಸಬೇಕು. ಅರ್ಧ ದಿನದ ಈ ಕೆಲಸ ತಪ್ಪಿಸಿದರೆ ಕತ್ತರಿಸಿದ್ದಕ್ಕೂ ಮಡಚಿದ್ದಕ್ಕೂ ವ್ಯತ್ಯಾಸವೇ ಉಳಿಯುವುದಿಲ್ಲ.

ಫೆಂಡರನ್ನು ಹೊರಕ್ಕೆ ಎಳೆದು ಅಗಲ ಮಾಡುವುದು, ಕತ್ತರಿಸಿ ಮೇಲೆ ಫ್ಲೇರ್ (ಹೊರಕ್ಕೆ ಚಾಚಿದ ಅಂಚುಪಟ್ಟಿ) ಕೂರಿಸುವುದು ಇವೂ ಇವೆ. ರೇಸಿಗೆ ಅಥವಾ ಕಾಡುದಾರಿಗೆ ಸಿದ್ಧಪಡಿಸುವ ಗಾಡಿಗಳ ಕೆಲಸ ಅದು. ದಿನನಿತ್ಯದ ಕಾರಿಗೆ ಅಷ್ಟು ದೂರ ಹೋಗಬೇಕಾಗಿ ಬಂದರೆ ಚಕ್ರವನ್ನೇ ಬದಲಾಯಿಸಿ ಅಂತ ನಾನು ಹೇಳುತ್ತೇನೆ. ನಾನು ಮಾಡಿದ್ದೂ ಅದನ್ನೇ. ಎಂಟು ಇಂಚು ಅಗಲದ ಚಕ್ರ ಕೊಟ್ಟು, ಒಂದು ಅಳತೆ ಕಿರಿದಾದದ್ದನ್ನು ಸರಿಯಾದ ಆಫ್‌ಸೆಟ್‌ನಲ್ಲಿ ತಂದೆ. ಪುಡಿಯಾಗಿದ್ದ ಎರಡು ಬಂಪ್ ಸ್ಟಾಪ್ ತೆಗೆಸಿ ಹೊಸದು ಹಾಕಿಸಿದೆ. ಗೀರಿದ್ದ ಟೈರ್ ತೆಗೆದುಹಾಕಿದೆ. ಲಿಪ್ ಇನ್ನೂ ಹೇಗಿತ್ತೋ ಹಾಗೇ ಇದೆ.

ಏನೇ ಮಾಡಿದರೂ ಪರೀಕ್ಷೆ ಮೊದಲಿನಂತೆಯೇ. ಚಕ್ರದ ನಟ್‌ಗಳನ್ನು ಎದುರುಬದುರು ಕ್ರಮದಲ್ಲಿ ಟಾರ್ಕ್ ರೆಂಚಿನಿಂದ (ಬಿಗಿಯ ಬಲ ಅಳೆಯುವ ಪಾನಾ) ಬಿಗಿಯಿರಿ. ಟೈರಿಗೆ ಮತ್ತೆ ಸೀಮೆಸುಣ್ಣದ ಗೆರೆ ಎಳೆಯಿರಿ. ಹಿಂದೆ ಮೂರು ಜನರನ್ನು ಕೂರಿಸಿ, ಡಿಕ್ಕಿಗೆ ಭಾರ ಹಾಕಿ, ಹಂಪನ್ನು ಮೊದಲು ನೇರವಾಗಿ, ಆಮೇಲೆ ಓರೆಯಾಗಿ ದಾಟಿ. ಓರೆಯಾಗಿ ದಾಟಿದಾಗ ಒಂದೇ ಚಕ್ರ ಪೂರ್ತಿ ಮೇಲೆ ಹೋಗುತ್ತದೆ, ತಾಗುವುದಿದ್ದರೆ ಅಲ್ಲೇ ತಾಗುತ್ತದೆ. ಖಾಲಿ ಬಯಲಿನಲ್ಲಿ ಎರಡೂ ಕಡೆಗೆ ಸುತ್ತು ಹಾಕಿ. ಐವತ್ತರಿಂದ ನೂರು ಕಿಲೋಮೀಟರ್ ಓಡಿದ ಮೇಲೆ ನಟ್‌ಗಳ ಬಿಗಿ ಮತ್ತೊಮ್ಮೆ ನೋಡಿ, ಟೈರಿನ ಒಳಗೋಡೆಯ ಮೇಲೆ ಟಾರ್ಚ್ ಬಿಡಿ. ಸುಣ್ಣದ ಗೆರೆಗಳು ಎರಡೂ ಭುಜಗಳ ಮೇಲೆ ಹಾಕಿದಂತೆಯೇ ಇದ್ದರೆ ಕೆಲಸ ಆಯಿತು.